ತಲೆ ಬಿಚ್ಚಿಕೊಂಡ ಡಾಲರಮ್ಮ

1794ರಲ್ಲಿ ಹುಟ್ಟಿದ ಅಮೆರಿಕದ ಮೊತ್ತಮೊದಲ ಬೆಳ್ಳಿ ಡಾಲರಿನ ಮೇಲೆ ಕೂತಿರುವ ಹೆಂಗಸು ತಲೆ ಬಾಚಿಕೊಂಡಿಲ್ಲ. ಮುಖ ಬಲಕ್ಕೆ ತಿರುಗಿದೆ, ಕೂದಲು ಹಿಂದಕ್ಕೆ ಕೆದರಿ ಹಾರುತ್ತಿದೆ. ಜಡೆಯಿಲ್ಲ, ತುರುಬಿಲ್ಲ, ಹೆಸರಿಗೊಂದು ರಿಬ್ಬನ್ನೂ ಇಲ್ಲ. ಸುತ್ತ ಹದಿನೈದು ನಕ್ಷತ್ರ, ನೆತ್ತಿಯ ಮೇಲೆ ಲಿಬರ್ಟಿ ಎಂಬ ಹೆಸರು, ಕೆಳಗೆ ಇಸವಿ. ನಾಣ್ಯ ಬಲ್ಲವರು ಇವಳನ್ನು ‘ಫ್ಲೋಯಿಂಗ್ ಹೇರ್’ ಎಂದು ಗೌರವದಿಂದ ಕರೆಯುತ್ತಾರೆ. ನ್ಯೂಜೆರ್ಸಿಯ ನಮ್ಮ ಮನೆಗೆ ಬೇಸಿಗೆ ಕಳೆಯಲು ಬಂದಿದ್ದ ಅಮ್ಮನಿಗೆ ಪುಸ್ತಕದಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. “ಇದ್ಯಾರೋ ಇವಳು, ದುಡ್ಡಿನ ಮೇಲೆ ತಲೆ ಬಿಚ್ಕೊಂಡು ಕೂತಿದಾಳೆ? ಇಂಥ ಮನೇಲಿ ಲಕ್ಷ್ಮಿ ನಿಲ್ತಾಳೇನೋ?” ಎಂದಳು.

ಅಮೆರಿಕದವರಿಗೂ ಒಳಗೊಳಗೇ ಹಾಗೆ ಅನ್ನಿಸಿರಬೇಕು. ಮಾರನೆಯ ವರ್ಷವೇ, ಅಂದರೆ 1795ರಲ್ಲಿ, ಇವಳನ್ನು ಇಳಿಸಿ ಇನ್ನೊಬ್ಬಳನ್ನು ತಂದರು. ಅವಳ ಕೂದಲಿಗೆ ಹಿಂದೆ ರಿಬ್ಬನ್ ಕಟ್ಟಿದೆ, ಎದೆಯ ಮೇಲೆ ಬಟ್ಟೆ ಹೊದಿಸಿದೆ. ಇದು ‘ಡ್ರೇಪ್ಡ್ ಬಸ್ಟ್’. ಹೆಸರಾಂತ ಚಿತ್ರಕಾರ ಗಿಲ್ಬರ್ಟ್ ಸ್ಟುವರ್ಟನ ರೇಖಾಚಿತ್ರವೇ ಇದಕ್ಕೆ ಮೂಲ ಎಂಬ ಹೇಳಿಕೆಯಿದೆ. ಅದನ್ನೂ ತೋರಿಸಿದೆ. “ಹ್ಞಾಂ, ಇವಳು ಪರವಾಗಿಲ್ಲ” ಎಂದು ಅಮ್ಮ ಪಾಸು ಮಾಡಿದಳು.

ನನ್ನ ಹತ್ತಿರ ಇರುವುದು ಆ ಎರಡನೆಯವಳು, 1799ರವಳು. ಮೊದಲನೆಯವಳನ್ನು ಮನೆ ತುಂಬಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. 1794ರ ಅಕ್ಟೋಬರ್ 15ರಂದು ಫಿಲಡೆಲ್ಫಿಯದ ಟಂಕಸಾಲೆ ಒಂದೇ ಕಂತಿನಲ್ಲಿ 1,758 ಡಾಲರುಗಳನ್ನು ಲೆಕ್ಕ ಕೊಟ್ಟಿತು. ಆ ಇಸವಿಯದು ಅಷ್ಟೇ. ಇಂದು ಉಳಿದಿರುವುದು ನೂರೈವತ್ತಕ್ಕೆ ಮೀರದು ಎಂದು ಬಲ್ಲವರ ಅಂದಾಜು. ಅವುಗಳಲ್ಲೆಲ್ಲ ಚೆಲುವೆಯಾದ ಒಂದು 2013ರ ಜನವರಿಯ ಹರಾಜಿನಲ್ಲಿ 1,00,16,875 ಡಾಲರಿಗೆ ಹೋಯಿತು. ಒಂದು ಡಾಲರಿಗೆ ಒಂದು ಕೋಟಿ ಡಾಲರು! ಅಷ್ಟು ಬೆಲೆಗೆ ಹೋದ ನಾಣ್ಯ ಅದಕ್ಕೆ ಮೊದಲು ಜಗತ್ತಿನಲ್ಲೇ ಇರಲಿಲ್ಲ.

ಈ ಡಾಲರಿನ ಹುಟ್ಟು ಸುಖವಾಗಿ ಆದದ್ದಲ್ಲ. 1792ರ ಏಪ್ರಿಲ್ 2ರಂದು ಟಂಕಸಾಲೆಯ ಕಾಯಿದೆ ಬಂತು. ಅಲ್ಲಿಯವರೆಗೆ ಅಮೆರಿಕದ ಸಂತೆಗಳಲ್ಲಿ ಓಡುತ್ತಿದ್ದದ್ದು ಮೆಕ್ಸಿಕೊ, ಪೆರುವಿನ ಬೆಳ್ಳಿಯಿಂದ ಸ್ಪೇನಿನವರು ಒತ್ತಿದ ಡಾಲರು. ಅದನ್ನೇ ಅಳತೆಗೋಲಾಗಿಟ್ಟುಕೊಂಡು, ತಮ್ಮ ಡಾಲರು 416 ಗ್ರೇನ್ ತೂಗಬೇಕು, ಅದರಲ್ಲಿ 371.25 ಗ್ರೇನ್ ಅಪ್ಪಟ ಬೆಳ್ಳಿ ಇರಬೇಕು ಎಂದು ಬರೆದರು. ಬೆಳ್ಳಿಯಲ್ಲಿ ಮೋಸ ಮಾಡಿದ ಟಂಕಸಾಲೆಯ ನೌಕರನಿಗೆ ಮರಣದಂಡನೆ ಎಂದೂ ಅದೇ ಕಾಯಿದೆಯಲ್ಲಿ ಇದೆ. ಅಷ್ಟು ಸಾಲದೆಂದು ಅಚ್ಚು ಹಾಕುವ ಮುಖ್ಯಸ್ಥನೂ ಬೆಳ್ಳಿ ಪರೀಕ್ಷಿಸುವವನೂ ತಲಾ ಹತ್ತು ಸಾವಿರ ಡಾಲರಿನ ಜಾಮೀನು ಕೊಡಬೇಕೆಂದರು. ಅವರ ವರ್ಷದ ಸಂಬಳ ಒಂದೂವರೆ ಸಾವಿರ. ಯಾರು ಕೊಡುತ್ತಾರೆ? ಟಂಕಸಾಲೆ ತಾಮ್ರದ ಕಾಸು ಕುಟ್ಟುತ್ತ ಕೂತಿತು. ಕೊನೆಗೆ 1794ರಲ್ಲಿ ಕಾಂಗ್ರೆಸ್ಸು ಜಾಮೀನು ಇಳಿಸಿದ ಮೇಲೆಯೇ ಬೆಳ್ಳಿಗೆ ಕೈ ಹಚ್ಚಲು ಆದದ್ದು.

ಅಲ್ಲಿದ್ದ ಜನವೂ ಸ್ವಾರಸ್ಯದವರು. ಮೊದಲ ನಿರ್ದೇಶಕ ಡೇವಿಡ್ ರಿಟನ್‌ಹೌಸ್ ಖಗೋಳ ವಿಜ್ಞಾನಿ, 1769ರಲ್ಲಿ ಸೂರ್ಯನ ಮುಂದೆ ಶುಕ್ರ ಹಾದುಹೋದದ್ದನ್ನು ದೂರದರ್ಶಕದಲ್ಲಿ ಕಂಡವನು. ಅಚ್ಚಿನ ಮುಖ್ಯಸ್ಥ ಹೆನ್ರಿ ವಾಯ್ಟ್ ಗಡಿಯಾರ ಮಾಡುವವನು. ಬೆಳ್ಳಿ ಪರೀಕ್ಷೆಯ ಆಲ್ಬಿಯನ್ ಕಾಕ್ಸ್ ಎಂಬಾತನಿಗೆ ಕಾಯಿದೆಯ ಬೆರಕೆ ಸರಿಬರಲಿಲ್ಲ, ಅದು ಬೇಗ ಕಪ್ಪಾಗುತ್ತದೆ ಎಂದು ಅವನ ವಾದ. ರಿಟನ್‌ಹೌಸ್ ತಲೆಯಾಡಿಸಿದ. ಸರಿ, ನೂರಕ್ಕೆ 89.24ರ ಬದಲು 90ರಷ್ಟು ಬೆಳ್ಳಿ ಹಾಕಿಯೇಬಿಟ್ಟರು. ಮರಣದಂಡನೆಯ ಕಾಯಿದೆ ಬರೆದವರಿಗೆ, ಬೆಳ್ಳಿ ಹೆಚ್ಚು ಹಾಕಿ ಕಾನೂನು ಮುರಿಯುವವರೂ ಇರುತ್ತಾರೆಂದು ಹೊಳೆದಿರಲಾರದು. ಪೆಟ್ಟು ತಿಂದವರು ಟಂಕಸಾಲೆಗೆ ಬೆಳ್ಳಿ ತಂದುಕೊಟ್ಟ ವರ್ತಕರು. ತಂದಷ್ಟು ಬೆಳ್ಳಿಗೆ ಬರಬೇಕಾದಷ್ಟು ಡಾಲರು ಅವರಿಗೆ ಬರಲಿಲ್ಲ. ಅವರಲ್ಲೊಬ್ಬ, ಜಾನ್ ವಾನ್ ಎಂಬಾತ, ಕಾಂಗ್ರೆಸ್ಸಿಗೆ ಅರ್ಜಿ ಹಾಕಿ ಪರಿಹಾರ ಪಡೆಯಬೇಕಾಯಿತು.

ಯಂತ್ರದ್ದು ಇನ್ನೊಂದು ಪಾಡು. ಇದ್ದ ಒತ್ತುಯಂತ್ರ ಸಣ್ಣ ಕಾಸಿಗೆ ತಕ್ಕದ್ದು. ನಾಲ್ಕು ಸೆಂಟಿಮೀಟರಿನಷ್ಟು ಅಗಲದ ಬಿಲ್ಲೆಯನ್ನು ಒತ್ತುವ ತಾಕತ್ತು ಅದಕ್ಕಿರಲಿಲ್ಲ. ಹಾಗಾಗಿ 1794ರ ಡಾಲರುಗಳಲ್ಲಿ ಎಡಗಡೆಯ ನಕ್ಷತ್ರಗಳೂ ಇಸವಿಯೂ ಮಂಕಾಗಿ ಮೂಡಿವೆ. ತೀರಾ ಮಂಕಾದವನ್ನು ಎಣಿಕೆಗೇ ಸೇರಿಸಲಿಲ್ಲ. ದೊಡ್ಡ ಯಂತ್ರ 1795ರಲ್ಲಿ ಬಂದ ಮೇಲೆಯೇ ಡಾಲರು ಲಕ್ಷದ ಲೆಕ್ಕದಲ್ಲಿ ಹೊರಬಿತ್ತು.

ಈಗ ನನ್ನ 1799ರ ವಿಷಯ. ಬಾಲ್ಟಿಮೋರಿನ ನಾಣ್ಯಮೇಳದಲ್ಲಿ ಕೊಂಡದ್ದು, ಎರಡು ಸಾವಿರ ಡಾಲರಿನ ಆಚೀಚೆ. ಅಂಗೈ ಮೇಲಿಟ್ಟರೆ 27 ಗ್ರಾಮಿಗೆ ಕೂದಲೆಳೆ ಕಡಿಮೆ. ಬಣ್ಣ ಮಳೆಗಾಲದ ಮೋಡದ್ದು, ಅಕ್ಷರಗಳ ಸಂದಿಯಲ್ಲಿ ಕಪ್ಪು. ಕಿವಿಯ ಮೇಲಿನ ಕೂದಲು ಸವೆದು ನುಣುಪಾಗಿದೆ, ಭುಜದ ಬಟ್ಟೆಯ ನೆರಿಗೆಗಳು ಮಾತ್ರ ಎಣಿಸಲು ಸಿಗುತ್ತವೆ. ಹಿಂದೆ ಗುರಾಣಿ ಹೊತ್ತ ಹದ್ದು. ಎಲ್ಲಿ ತಡಕಿದರೂ ‘ಒಂದು ಡಾಲರ್’ ಎಂದು ಎರಡೂ ಮುಖದಲ್ಲಿ ಬರೆದಿಲ್ಲ. ಬೆಲೆ ಇರುವುದು ಅಂಚಿನ ಮೇಲೆ. ನಾಣ್ಯವನ್ನು ಎರಡು ಬೆರಳಲ್ಲಿ ನಿಲ್ಲಿಸಿ ಉರುಳಿಸುತ್ತ ಓದಬೇಕು: ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’, ನಡುನಡುವೆ ಚಿಕ್ಕ ಅಲಂಕಾರ. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರಿಗೆ ಇದೊಂದು ಬೇಲಿ.

ಹದ್ದಿನ ಎದೆಯ ಮೇಲೆ ಅಡ್ಡಡ್ಡಲಾಗಿ ನಾಲ್ಕಾರು ಸಮಾನಾಂತರ ಗೀರುಗಳಿವೆ. ಮೊದಲ ಸಲ ನೋಡಿದವರು “ಅಯ್ಯೋ, ಯಾರೋ ಚಾಕುವಿನಿಂದ ಕೆರೆದಿದ್ದಾರೆ” ಎನ್ನುತ್ತಾರೆ. ನಾನು ಅದನ್ನು ಕೊಂಡದ್ದೇ ಆ ಗೀರುಗಳಿಗೋಸ್ಕರ. ಅವು ನಾಣ್ಯ ನಾಣ್ಯವಾಗುವ ಮೊದಲೇ ಬಿದ್ದವು. ಬೆಳ್ಳಿಯ ತಗಡಿನಿಂದ ಬಿಲ್ಲೆ ಕತ್ತರಿಸಿದಾಗ ಪ್ರತಿಯೊಂದನ್ನೂ ತಕ್ಕಡಿಗೆ ಹಾಕುತ್ತಿದ್ದರು. ತೂಕ ಕಡಿಮೆಯಾದರೆ ಮತ್ತೆ ಮೂಸೆಗೆ, ಹೆಚ್ಚಾದರೆ ಅರ ಹಾಕಿ ಉಜ್ಜಿ ಸರಿಮಾಡುವುದು. ಅಚ್ಚಿನ ಹೊಡೆತಕ್ಕೆ ಆ ಗೀರು ಪೂರಾ ಅಳಿಯುತ್ತಿರಲಿಲ್ಲ. ಹಾಗಾಗಿ ಗೀರು ಸಾಮಾನ್ಯವಾಗಿ ಅಕ್ಷರದ ಕೆಳಗೆ ತೂರಿಹೋಗುತ್ತದೆ, ಅಕ್ಷರವನ್ನು ಕಡಿಯುವುದಿಲ್ಲ. ಭೂತಗಾಜಿನಲ್ಲಿ ನೋಡಬೇಕಾದದ್ದು ಇದನ್ನೇ. ಉಬ್ಬಿದ ಅಕ್ಷರದ ನೆತ್ತಿಯನ್ನೇ ಕಡಿದುಕೊಂಡು ಹೋಗಿದ್ದರೆ ಅದು ಬಹುಮಟ್ಟಿಗೆ ಆಮೇಲೆ ಯಾರೋ ಮಾಡಿದ ಕಿತಾಪತಿ.

ಈ ಅರ ಹಾಕುವ ಕೆಲಸಕ್ಕೆ 1795ರಲ್ಲಿ ಇಬ್ಬರು ಹೆಂಗಸರನ್ನು ಇಟ್ಟುಕೊಂಡರು. ಸಾರಾ ವಾಲ್ಡ್ರೇಕ್, ರೇಚೆಲ್ ಸಮ್ಮರ್ಸ್. ದಿನಗೂಲಿ 50 ಸೆಂಟು. ಅಮೆರಿಕದ ಟಂಕಸಾಲೆಯಲ್ಲಿ ದುಡಿದ ಮೊದಲ ಹೆಣ್ಣುಮಕ್ಕಳು ಇವರು ಎನ್ನುತ್ತಾರೆ. ಎದುರಿಗೆ ತಕ್ಕಡಿ, ಕೈಯಲ್ಲಿ ಅರ, ಮಡಿಲಲ್ಲಿ ಬೆಳ್ಳಿಯ ಪುಡಿ. ಒಂದು ಬಿಲ್ಲೆಯ ಬೆಲೆ ಅವರ ಎರಡು ದಿನದ ಕೂಲಿ. ಆ ಬಿಲ್ಲೆಯ ಮೇಲೆ ಮೂಡಲಿರುವ ಸ್ವಾತಂತ್ರ್ಯದೇವಿಗೆ ತೂಕ ಇಳಿಸುವುದು ಇವರ ಉದ್ಯೋಗ. ನನ್ನ 1799ರ ಮೇಲಿನ ಗೀರು ಇವರ ಜಾಗದಲ್ಲಿ ಕೂತಿದ್ದ ಯಾರದೋ ಕೈಯದು. ಒಂದು ತುದಿಯಲ್ಲಿ ಗೀರು ಆಳವಾಗಿದೆ, ಇನ್ನೊಂದು ತುದಿಯಲ್ಲಿ ಹಗುರ. ಎತ್ತ ಕಡೆಯಿಂದ ಎಳೆದರು ಎಂದು ಹೇಳಬಹುದು. ಅಚ್ಚು ಕೆತ್ತಿದ ರಾಬರ್ಟ್ ಸ್ಕಾಟನ ಕೈಚಳಕ ಅದೇ ಅಚ್ಚಿನಿಂದ ಬಂದ ಸಾವಿರಾರು ನಾಣ್ಯಗಳ ಮೇಲಿದೆ. ಈ ಗೀರು ಇದೊಂದರ ಮೇಲೆ ಮಾತ್ರ.

ಬೆಲೆ ಕಟ್ಟುವವರು ಮೊದಲು ಕಲಿಯಬೇಕಾದದ್ದು ಹುಟ್ಟುವಾಗಿನ ಗಾಯ ಯಾವುದು, ಬೆಳೆದ ಮೇಲಿನ ಗಾಯ ಯಾವುದು ಎಂದು. ಮಂಕು ಹೊಡೆತ, ಅರದ ಗೀರು, ಬಿರುಕು ಬಿಟ್ಟ ಅಚ್ಚಿನಿಂದ ಬಂದ ಉಬ್ಬುಗೆರೆ, ಇವೆಲ್ಲ ಹುಟ್ಟಿನವು. ಇವಕ್ಕೆ ಬೆಲೆ ಸ್ವಲ್ಪ ಇಳಿಯಬಹುದು, ಮಾನ ಹೋಗುವುದಿಲ್ಲ. ತೂತು, ಬೆಸುಗೆ, ಕೆರೆತ, ತಿಕ್ಕು, ಇವು ಬಾಳಿನವು. ಇಲ್ಲಿ ವ್ಯಾಪಾರಿಗಳು ಮುಖ ಸಿಂಡರಿಸುತ್ತಾರೆ. ಈ ಡಾಲರು ದೊಡ್ಡದು, ಕಣ್ಣಿಗೆ ತುಂಬುವಂಥದ್ದು, ಹಾಗಾಗಿ ಹಿಂದಿನವರು ತೂತು ಕೊರೆದು ಕೊರಳಿಗೆ ಹಾಕಿದರು, ಕೊಂಡಿ ಬೆಸೆದು ಒಡವೆ ಮಾಡಿದರು. ಆಮೇಲಿನವರು ಆ ತೂತಿಗೆ ಬೆಳ್ಳಿ ತುಂಬಿ, ಅಳಿದ ನಕ್ಷತ್ರವನ್ನು ಮತ್ತೆ ಕೆತ್ತಿ, ಏನೂ ಆಗಿಲ್ಲವೆಂಬಂತೆ ಮಾರಿದರು. ಮೇಲ್ಭಾಗದ ಅಂಚನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಬೆಸುಗೆಯ ಜಾಗ ಸುತ್ತಲಿನ ಬೆಳ್ಳಿಗಿಂತ ಬೇರೆ ಬಣ್ಣದಲ್ಲಿ ಕಾಣುತ್ತದೆ. ನಮ್ಮ ಅಜ್ಜಿಯ ಕಾಸಿನಸರವನ್ನು ಈ ಮೇಳದ ಯಾರಿಗಾದರೂ ತೋರಿಸಿದರೆ ಎದೆ ಒಡೆದುಕೊಂಡಾರು.

ತಿಕ್ಕುವುದರ ಬಗ್ಗೆ ಅಮ್ಮನಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ. “ಒಂದು ಚಿಟಿಕೆ ವಿಭೂತಿ ಹಾಕಿ ತಿಕ್ಕಿದ್ರೆ ಫಳಫಳ ಅನ್ನತ್ತೆ, ಕೊಡಿಲ್ಲಿ” ಎಂದು ಕೈ ಚಾಚಿದಳು. ದೇವರಮನೆಯ ದೀಪ, ಪಂಚಪಾತ್ರೆಗೆ ಅದು ಸರಿಯಾದ ಮಾತು. ಅವು ದಿನಾ ಬಳಸುವ ಪದಾರ್ಥ. ಆದರೆ ಹಳೆಯ ನಾಣ್ಯದ ಮೈಯ ಮೇಲಿನ ಕಪ್ಪು, ಗಾಳಿಯ ಗಂಧಕ ಇನ್ನೂರು ವರ್ಷ ನಿಧಾನವಾಗಿ ಬೆಳ್ಳಿಯ ಜೊತೆ ಕೂಡಿ ಮಾಡಿದ ಪದರ. ಅದನ್ನು ತೆಗೆಯುವುದೆಂದರೆ ಬೆಳ್ಳಿಯನ್ನೇ ತೆಗೆದಂತೆ. ತಿಕ್ಕಿದ ನಾಣ್ಯದ ಮೇಲೆ ಕೂದಲೆಳೆಯಂಥ ಸಾವಿರ ಗೆರೆ ಮೂಡುತ್ತವೆ, ದೀಪದ ಕೆಳಗೆ ಓರೆ ಮಾಡಿದರೆ ಎಲ್ಲವೂ ಒಂದೇ ದಿಕ್ಕಿಗೆ ಮಿನುಗುತ್ತವೆ. ತಿಕ್ಕದ ಹೊಸ ನಾಣ್ಯದ ಮೆರುಗು ಹಾಗಿರುವುದಿಲ್ಲ, ನಾಣ್ಯ ತಿರುಗಿಸಿದಂತೆ ಬೆಳಕಿನ ಪಟ್ಟಿಯೂ ಚಕ್ರದ ಕಡ್ಡಿಗಳ ಹಾಗೆ ತಿರುಗುತ್ತದೆ. ರಾಸಾಯನಿಕದಲ್ಲಿ ಅದ್ದಿ ತೆಗೆದದ್ದು ಇನ್ನೊಂದು ಬಗೆ: ಗೆರೆಯಿಲ್ಲ, ಕಪ್ಪಿಲ್ಲ, ಜೀವವೂ ಇಲ್ಲ. ಪೂರಾ ಬೆಳ್ಳಗಿರುವ 1798ರ ಸವೆದ ಡಾಲರನ್ನು ಯಾರಾದರೂ ಹೊಗಳಿ ಮಾರಲು ಬಂದರೆ ನಾನು ಪಕ್ಕದ ಮೇಜಿಗೆ ಹೋಗುತ್ತೇನೆ.

ಅಂಕ ಕೊಡುವ ಪದ್ಧತಿಯೊಂದಿದೆ, 1ರಿಂದ 70ರವರೆಗೆ. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗೆಂದು ಮಾಡಿದ್ದು. ಈತ ಮನುಷ್ಯರ ಮೈಕಟ್ಟನ್ನೂ ಅಳೆದು ಅಂಕ ಕೊಟ್ಟು ಸ್ವಭಾವ ಹೇಳುತ್ತಿದ್ದ. ಅವನು ಸತ್ತ ಮೇಲೆ ಒಂದು ಸಂಗತಿ ಹೊರಬಿತ್ತು: ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಪೆಟ್ಟಿಗೆಯಿಂದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಅವುಗಳ ಜಾಗದಲ್ಲಿ ತನ್ನ ಕಳಪೆ ಸೆಂಟುಗಳನ್ನು ಇಟ್ಟಿದ್ದ. ಗುಣ ನೋಡುವ ಕಣ್ಣು ಅವನಿಗೆ ಚೆನ್ನಾಗಿಯೇ ಇತ್ತು ಎಂದಾಯಿತು. ಅವನ ಅಂಕಪಟ್ಟಿಯನ್ನೇ ಎಲ್ಲ ನಾಣ್ಯಗಳಿಗೂ ಹಿಗ್ಗಿಸಿ, 1986ರಿಂದೀಚೆಗೆ ಪಿಸಿಜಿಎಸ್, ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯ ನೋಡಿ, ಅಂಕ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ ಕೊಡುತ್ತವೆ. ಬಾಳಿನ ಗಾಯ ಇದ್ದರೆ ಅಂಕವಿಲ್ಲ, ‘ಡೀಟೇಲ್ಸ್’ ಎಂಬ ಷರಾ ಮಾತ್ರ. ನನಗೆ ಈ ಡಬ್ಬಿಗಳು ಬೇಕೂ ಹೌದು, ಬೇಡವೂ ಹೌದು. ಮೋಸ ತಪ್ಪುತ್ತದೆ, ನಿಜ. ಆದರೆ ಜನ ಡಬ್ಬಿಯ ಚೀಟಿ ಓದಿ ನಾಣ್ಯವನ್ನು ನೋಡದೆಯೇ ದುಡ್ಡು ಎಣಿಸುವುದನ್ನು ಕಂಡಿದ್ದೇನೆ. 30 ಅಂಕದ ಎರಡು ನಾಣ್ಯಗಳಲ್ಲಿ ಒಂದು ನೋಡಿದ ಕೂಡಲೆ ಮನಸ್ಸಿಗೆ ಹಿಡಿಸುತ್ತದೆ, ಇನ್ನೊಂದು ಪುಕ್ಕಟೆ ಕೊಟ್ಟರೂ ಬೇಡ ಅನ್ನಿಸುತ್ತದೆ. ಆ ವ್ಯತ್ಯಾಸಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ನಕಲಿಗಳ ಕಾಟ ಬೇರೆ. ಬಹುಪಾಲು ನಕಲಿ ತಕ್ಕಡಿಯಲ್ಲೇ ಸಿಕ್ಕಿಬೀಳುತ್ತದೆ. 26.96 ಗ್ರಾಂ ಬರಬೇಕಾದ ಕಡೆ ಕೆಲವು ಗ್ರಾಂ ಕಡಿಮೆ ತೂಗುತ್ತದೆ. ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಪುಣ್ಯಾತ್ಮರೂ ಇದ್ದಾರೆ. ಅಂಚಿನಲ್ಲಿ ಅಕ್ಷರಗಳ ಬದಲು ಸಾಲುಗೆರೆ ಇದ್ದರೆ ಮುಂದೆ ನೋಡುವುದೇ ಬೇಡ. ನೀರಲ್ಲಿ ಮುಳುಗಿಸಿ ತೂಗಿದರೆ ಸಾಂದ್ರತೆ 10.3ರ ಹತ್ತಿರ ಬರಬೇಕು, ನಮ್ಮ ಚಿನಿವಾರರಿಗೂ ಗೊತ್ತಿದ್ದ ಲೆಕ್ಕ ಅದು. ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ ಜಾಣ ನಕಲಿ ಬಂದಾಗ ಮಾತ್ರ ಪುಸ್ತಕ ತೆಗೆಯಬೇಕು. ಆ ಕಾಲದಲ್ಲಿ ಒಂದೊಂದು ಅಚ್ಚಿಗೂ ಅಕ್ಷರ, ನಕ್ಷತ್ರಗಳನ್ನು ಕೈಯಿಂದಲೇ ಬಿಡಿಬಿಡಿಯಾಗಿ ಕುಟ್ಟುತ್ತಿದ್ದರು, ಹಾಗಾಗಿ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಎಡಕ್ಕೆ ಹತ್ತು ನಕ್ಷತ್ರ ಬಲಕ್ಕೆ ಆರು ಇದ್ದದ್ದೂ ಉಂಟು, ಒಂಬತ್ತು ಏಳು ಇದ್ದದ್ದೂ ಉಂಟು. ಹೊಸ ರಾಜ್ಯ ಸೇರಿದಂತೆಲ್ಲ ನಕ್ಷತ್ರ ಏರಿಸುತ್ತ ಹದಿನಾರಕ್ಕೆ ಬಂದರು, ಹೀಗೇ ಹೋದರೆ ಜಾಗ ಸಾಲದೆಂದು ಮತ್ತೆ ಹದಿಮೂರಕ್ಕೆ ಇಳಿದರು. ಈ ಅಚ್ಚುಗಳ ಜೋಡಿಗಳನ್ನೆಲ್ಲ 1881ರಲ್ಲಿ ಹೇಸಲ್ಟೈನ್, 1950ರಲ್ಲಿ ಬೋಲೆಂಡರ್, 1993ರಲ್ಲಿ ಬೋವರ್ಸ್ ಮತ್ತು ಬೋರ್ಕಾರ್ಟ್ ಪಟ್ಟಿ ಮಾಡಿಟ್ಟಿದ್ದಾರೆ. ಪಟ್ಟಿಯ ಯಾವ ಅಚ್ಚಿಗೂ ಹೊಂದದ ಡಾಲರು ಕೈಗೆ ಬಂದರೆ ಒಂದೋ ನೀವು ಭಾಗ್ಯವಂತರು, ಇಲ್ಲವೇ ಅದು ನಕಲಿ. ಸಾಮಾನ್ಯವಾಗಿ ಎರಡನೆಯದೇ.

ಲಕ್ಷ್ಮಿ ನಿಲ್ಲುತ್ತಾಳಾ ಎಂದು ಅಮ್ಮ ಕೇಳಿದ್ದಳಲ್ಲ, ನಿಲ್ಲಲಿಲ್ಲ. ಹೊಸ ಅಮೆರಿಕನ್ ಡಾಲರನ್ನು ವೆಸ್ಟ್ ಇಂಡೀಸಿಗೆ ಒಯ್ದರೆ ಅಲ್ಲಿ ಅದಕ್ಕೆ ಸ್ಪೇನಿನ ಡಾಲರು ಸರಿಸಮ ಸಿಗುತ್ತಿತ್ತು. ಸ್ಪೇನಿನದರಲ್ಲಿ ಬೆಳ್ಳಿ ಸ್ವಲ್ಪ ಜಾಸ್ತಿ. ಅದನ್ನು ಫಿಲಡೆಲ್ಫಿಯಕ್ಕೆ ತಂದು ಟಂಕಸಾಲೆಗೆ ಕೊಟ್ಟರೆ ಕರಗಿಸಿ, ಕೂಲಿಯಿಲ್ಲದೆ ಹೊಸ ಡಾಲರು ಒತ್ತಿಕೊಡುತ್ತಿದ್ದರು, ಬೆಳ್ಳಿ ಮಿಕ್ಕುತ್ತಿತ್ತು. ಮತ್ತೆ ಹಡಗು ಹತ್ತುವುದು. ಸರ್ಕಾರ ತನ್ನ ಖರ್ಚಿನಲ್ಲಿ ಯಂತ್ರ ತಿರುಗಿಸಿ ವರ್ತಕರ ಹೊಟ್ಟೆ ತುಂಬಿಸಿತು, ಸ್ವಂತ ಸಂತೆಯಲ್ಲಿ ಮಾತ್ರ ಸ್ವಂತ ಡಾಲರು ಕಾಣಲಿಲ್ಲ. 1804ರಲ್ಲಿ ಒತ್ತುವುದನ್ನು ನಿಲ್ಲಿಸಿದರು, 1806ರಲ್ಲಿ ಜೆಫರ್ಸನ್ನನ ಆಡಳಿತ ಅದಕ್ಕೆ ಅಧಿಕೃತ ಆಜ್ಞೆ ಕೊಟ್ಟಿತು. ಸ್ಪೇನಿನ ಡಾಲರು ಅಮೆರಿಕದಲ್ಲಿ 1857ರವರೆಗೆ ಕಾನೂನಿನ ಪ್ರಕಾರ ಚಲಾವಣೆಯಲ್ಲಿತ್ತು.

1804ರಲ್ಲಿ 19,570 ಡಾಲರು ಒತ್ತಿದ್ದಾಗಿ ಟಂಕಸಾಲೆಯ ಲೆಕ್ಕದಲ್ಲಿದೆ. ಅವೆಲ್ಲ ಹಿಂದಿನ ಇಸವಿಯ ಹಳೆಯ ಅಚ್ಚಿನವು. ಮೂವತ್ತು ವರ್ಷ ಕಳೆದ ಮೇಲೆ, ಮಸ್ಕತ್ತಿನ ಸುಲ್ತಾನ, ಸಯಾಮಿನ ರಾಜ ಮುಂತಾದವರಿಗೆ ಉಡುಗೊರೆ ಕೊಡಲು ಅಮೆರಿಕದ ನಾಣ್ಯಗಳ ಒಂದೊಂದು ಸೆಟ್ಟು ಬೇಕಾಯಿತು. ಬೆಳ್ಳಿ ಡಾಲರು ಕೊನೆಗೆ ಒತ್ತಿದ್ದು ಯಾವಾಗ ಎಂದು ಲೆಕ್ಕ ತೆಗೆದರು, 1804 ಎಂದಿತ್ತು. ಸರಿ, 1804 ಎಂದೇ ಕೆತ್ತಿ ಒತ್ತಿದರು. ಮೇಲಂಚಿನ ದಿಂಡು ಹೊಸ ಕಾಲದ ಯಂತ್ರದ್ದು, ಅಂಚಿನ ಅಕ್ಷರಗಳು ಅದರ ಹಿಡಿತಕ್ಕೆ ಸಿಕ್ಕಿ ಜಜ್ಜಿಹೋಗಿವೆ. ಕಣ್ಣಿದ್ದವರಿಗೆ ಸುಳ್ಳು ಅಲ್ಲೇ ಕಾಣುತ್ತದೆ. ಈ ಉಡುಗೊರೆಗಳನ್ನು ಹೊತ್ತು ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿ 1835ರಲ್ಲಿ ‘ಪೀಕಾಕ್’ ಎಂಬ ನೌಕೆಯಲ್ಲಿ ಹೊರಟ. ಅರಬ್ಬೀ ಕಡಲಲ್ಲಿ ಮಸೀರಾ ದ್ವೀಪದ ಹತ್ತಿರ ಹಡಗು ಬಂಡೆಗೆ ಬಡಿಯಿತು. ಹೇಗೋ ಬಿಡಿಸಿಕೊಂಡು ಮಸ್ಕತ್ ಮುಟ್ಟಿ, ಆಮೇಲೆ ರಿಪೇರಿಗೆಂದು ಬೊಂಬಾಯಿಗೆ ಬಂತು. ಸಯಾಮಿನ ರಾಜನಿಗೆಂದು ಇಟ್ಟಿದ್ದ 1804ರ ಡಾಲರು ಹೀಗೆ ನಮ್ಮ ಬೊಂಬಾಯಿ ಬಂದರಿನಲ್ಲಿ ಕೆಲವು ವಾರ ಬಿಡಾರ ಮಾಡಿತು. 1836ರಲ್ಲಿ ಬ್ಯಾಂಕಾಕ್ ಸೇರಿದ ಆ ಪೆಟ್ಟಿಗೆ ಮತ್ತೆ ನಾಣ್ಯಲೋಕದ ಕಣ್ಣಿಗೆ ಬಿದ್ದದ್ದು 1962ರಲ್ಲಿ. ಆ ಡಾಲರಿನ ಬಗ್ಗೆ ನ್ಯೂಮನ್ ಮತ್ತು ಬ್ರೆಸೆಟ್ ಪುಸ್ತಕ ಬರೆದು ಅಚ್ಚಿಗೆ ಕೊಟ್ಟಿದ್ದ ಹೊತ್ತಿಗೆ ಸರಿಯಾಗಿ ಅದು ಎದುರಿಗೆ ಬಂದು ನಿಂತಿತು, ಅವರು ಪುಸ್ತಕ ತಿದ್ದಬೇಕಾಯಿತು.

ಟಂಕಸಾಲೆಯ ನೌಕರರು 1858ರ ಸುಮಾರಿಗೆ ಗುಟ್ಟಾಗಿ ಇನ್ನಷ್ಟು ಒತ್ತಿ ಮಾರಿಕೊಂಡರು. ಎಲ್ಲ ಸೇರಿ ಇರುವುದು ಹದಿನೈದರ ಆಸುಪಾಸು. 2021ರಲ್ಲಿ ಒಂದು 76 ಲಕ್ಷ 80 ಸಾವಿರ ಡಾಲರಿಗೆ ಹೋಯಿತು. ಈ 1804ರ ಡಾಲರನ್ನು ‘ಅಮೆರಿಕದ ನಾಣ್ಯಗಳ ರಾಜ’ ಎನ್ನುತ್ತಾರೆ. ನನಗೆ ಆ ರಾಜನ ಮೇಲೆ ಅಂಥ ಪ್ರೀತಿಯಿಲ್ಲ. ಸಂತೆ ಕಂಡಿಲ್ಲ, ಯಾರ ಜೇಬಲ್ಲೂ ಸವೆದಿಲ್ಲ, ಯಾರೂ ಅದನ್ನು ಕೊಟ್ಟು ಒಂದು ಮೂಟೆ ಹಿಟ್ಟು ತಂದಿಲ್ಲ.

ನಾನು ಈಗ ಹುಡುಕುತ್ತಿರುವುದು 1795ರ ತಲೆ ಬಿಚ್ಚಿಕೊಂಡವಳಲ್ಲಿ ಬೆಳ್ಳಿಯ ಬೆಣೆ ಇರುವುದನ್ನು. ತೂಕ ಕಡಿಮೆಯಾದ ಕೆಲವು ಬಿಲ್ಲೆಗಳನ್ನು ಕರಗಿಸುವ ಬದಲು ನಡುವೆ ತೂತು ಮಾಡಿ, ಬೆಳ್ಳಿಯ ಬೆಣೆ ಬಡಿದು, ಹೆಚ್ಚಾದದ್ದನ್ನು ಅರದಿಂದ ಉಜ್ಜಿ ಒತ್ತಿದ್ದರು. ಅವಳ ಕೆನ್ನೆಯ ಹಿಂದೆ, ಕೂದಲಿನ ಮಧ್ಯದಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಮಸುಕು ವೃತ್ತ ಕಾಣುತ್ತದೆ. ಕೋಟಿ ಡಾಲರಿನ ಆ 1794ರ ನಾಣ್ಯದಲ್ಲೂ ಇದೇ ಬೆಣೆಯಿದೆ, ಅರದ ಗೀರುಗಳೂ ಇವೆ. ಹಿಂದೆ ವ್ಯಾಪಾರಿಗಳು ಇಂಥದ್ದನ್ನು ತೇಪೆ ಹಾಕಿದ ಮಾಲು ಎಂದು ಅಗ್ಗಕ್ಕೆ ತಳ್ಳುತ್ತಿದ್ದರಂತೆ. ಈಗ ಅವರೂ ಭೂತಗಾಜು ಹಿಡಿದು ಮೊದಲು ಅದನ್ನೇ ತೋರಿಸುತ್ತಾರೆ. ಕಳೆದ ಮೇಳದಲ್ಲಿ ಒಬ್ಬ ಮುದುಕ ವ್ಯಾಪಾರಿಯ ಹತ್ತಿರ ಒಂದಿತ್ತು. ಬೆಲೆ ಕೇಳಿದೆ, ಹೇಳಿದ. ಬೆಣೆಯ ಬೆಲೆ ಬಿಟ್ಟು ಬರೀ ಡಾಲರಿನದಷ್ಟೇ ಹೇಳಿ ಎಂದೆ. “ಬೆಣೆ ಕಿತ್ತುಕೊಡಲೇನಯ್ಯಾ?” ಎಂದು ನಕ್ಕು ಡಬ್ಬಿ ಮುಚ್ಚಿದ.